ನಮ್ಮ ಮಕ್ಕಳ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ಅವರದೇ ಮಾತು ಬರಲಿ!

ತಂದೆ ತಾಯಂದಿರೇ, ಶಿಕ್ಷಕ ಬಂಧುಗಳೇ, ಊರಿನ ಹಳೆಯ ವಿದ್ಯಾರ್ಥಿಗಳೇ,

ನಾನು 26 ವರ್ಷ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿದವನು. ಒಂದು ವರ್ಷ ಹತ್ತನೇ ತರಗತಿಯವರ ಪ್ರಬಂಧ ತಿದ್ದಲು ಕೂತಿದ್ದೆ. ಮೊದಲ ನೋಟ್‌ಬುಕ್ಕಿನಲ್ಲಿ ಒಂದು ಪದದ ಸ್ಪೆಲಿಂಗ್ ತಪ್ಪಿತ್ತು. ಎರಡನೆಯದರಲ್ಲೂ ಅದೇ ಪದ, ಅದೇ ತಪ್ಪು. ಮೂವತ್ತೊಂದು ನೋಟ್‌ಬುಕ್ ಮುಗಿಯುವವರೆಗೂ ಅದೇ. ಗೈಡು ತರಿಸಿ ನೋಡಿದರೆ ಅಲ್ಲಿ ಅಚ್ಚಿನ ದೋಷ! ಅಷ್ಟೂ ಮಕ್ಕಳು ಅದನ್ನು ಉರು ಹೊಡೆದು, ದುಂಡಗೆ ಬರೆದಿದ್ದರು. ಸಿಟ್ಟು ಮಕ್ಕಳ ಮೇಲೆ ಬರಲಿಲ್ಲ. ‘ಪರೀಕ್ಷೆಗೆ ಇಷ್ಟು ಸಾಕು’ ಎಂದು ಗೈಡಿನ ಪುಟಕ್ಕೆ ಗುರುತು ಹಾಕಿಕೊಟ್ಟವನು ನಾನೇ. ಈ ಕರಪತ್ರ ಬರೆಯಲು ಅದೇ ಕಾರಣ.

ಕನ್ನಡ ಮಾಧ್ಯಮದ ಮಕ್ಕಳಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆ ಇಂಗ್ಲಿಷಿಗೆ 100 ಅಂಕ. 80 ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಪತ್ರ, ಪ್ರಬಂಧ, ಸುಳಿವು ಹಿಡಿದು ಕಥೆ ಬೆಳೆಸುವುದು, ಚಿತ್ರ ನೋಡಿ ಬರೆಯುವುದು ಎಲ್ಲವೂ ಪ್ರಶ್ನೆಪತ್ರಿಕೆಯಲ್ಲಿವೆ. ಮಗು ಸ್ವಂತವಾಗಿ ಬರೆಯಲಿ ಎಂದೇ ಇಟ್ಟ ಪ್ರಶ್ನೆಗಳು ಇವು. ಅವಕ್ಕೂ ನಾವು ಬಾಯಿಪಾಠದ ಉತ್ತರ ತಯಾರಿಸಿದ್ದೇವೆ. ಅಪ್ಪನಿಗೆ ಬರೆಯುವ ಪತ್ರವೂ ಗೈಡಿನಿಂದಲೇ! ತನ್ನ ಅಪ್ಪನಿಗೆ ಏನು ಹೇಳಬೇಕೆಂದು ಆ ಹುಡುಗಿಗೆ ಗೊತ್ತಿಲ್ಲವೇ?

ಪಾಠಗಳೇನೂ ಬಡವಾಗಿಲ್ಲ. ಹತ್ತನೇ ತರಗತಿಯ ಪುಸ್ತಕದಲ್ಲಿ ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಇದೆ. ಅಪ್ಪನ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗಬೇಕಾದ ಸ್ವಾಮಿ, ಕತ್ತಲಿಗೆ ಹೆದರಿ ಬೆಂಚಿನ ಕೆಳಗೆ ನುಸುಳುತ್ತಾನೆ. ಕೊನೆಗೆ ಕಳ್ಳನ ಕಾಲು ಕಚ್ಚುತ್ತಾನೆ. ಕತ್ತಲಿಗೆ ಹೆದರದ ಮಗು ಯಾವ ಊರಿನಲ್ಲಿದೆ? ‘ನೀನು ಯಾವಾಗ ಹೆದರಿದ್ದೆ, ಹೇಳು’ ಎಂದರೆ ಇಡೀ ತರಗತಿ ಕೈ ಎತ್ತುತ್ತದೆ. ಮೊದಲು ಕನ್ನಡದಲ್ಲೇ ಹೇಳಲಿ, ಆಮೇಲೆ ಅದನ್ನೇ ಐದು ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಲಿ. ನಾನು ಕೊನೆಯ ನಾಲ್ಕು ವರ್ಷ ಹೀಗೇ ಮಾಡಿದೆ. ವಾಕ್ಯಗಳು ಕುಂಟುತ್ತಿದ್ದವು, ಆದರೆ ಒಬ್ಬರದು ಇನ್ನೊಬ್ಬರಂತೆ ಇರಲಿಲ್ಲ. ಇದೇ ನಾರಾಯಣ್ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಫೇಲಾಗಿ, ಒಂದು ವರ್ಷ ಮನೆಯಲ್ಲೇ ಓದುತ್ತ ಬರೆಯುತ್ತ ಕೂತವರು. 1926ರಲ್ಲಿ ಪಾಸಾಗಿ ಮೈಸೂರಿನ ಮಹಾರಾಜ ಕಾಲೇಜು ಸೇರಿದರು. ಫೇಲಾದ ಮಗುವಿನ ಮನೆಯವರು ದಯವಿಟ್ಟು ಇದನ್ನು ನೆನಪಿಡಿ.

ಅದೇ ಪುಸ್ತಕದಲ್ಲಿ ‘ದಿ ಸಾಂಗ್ ಆಫ್ ಇಂಡಿಯಾ’ ಕವಿತೆಯೂ ಇದೆ. ಬರೆದವರು ಸವಣೂರಿನಲ್ಲಿ ಹುಟ್ಟಿದ ನಮ್ಮ ವಿ.ಕೃ. ಗೋಕಾಕರು. ಶಾಲೆಗಳಲ್ಲಿ ಕನ್ನಡದ ಸ್ಥಾನ ಏನಿರಬೇಕೆಂದು ವರದಿ ಕೊಟ್ಟ ಸಮಿತಿಯ ಅಧ್ಯಕ್ಷರೂ ಅವರೇ. ಗೋಕಾಕ್ ಚಳವಳಿಗೆ ಹೆಸರು ಬಂದದ್ದು ಅವರಿಂದ. ಇಂಗ್ಲಿಷ್ ಪ್ರಾಧ್ಯಾಪಕರಾಗಿ, ಇಂಗ್ಲಿಷಿನಲ್ಲಿ ಕವಿತೆ ಬರೆದು, ಕನ್ನಡಕ್ಕೆ ಜ್ಞಾನಪೀಠ ತಂದವರು. ಇಂಗ್ಲಿಷ್ ಸಾಹಿತ್ಯ ಓದಿಸಿದರೆ ಕನ್ನಡ ಕೆಡುತ್ತದೆ ಎನ್ನುವವರಿಗೂ, ಕನ್ನಡದಲ್ಲಿ ಮಾತಾಡಿದರೆ ಇಂಗ್ಲಿಷ್ ಬರುವುದಿಲ್ಲ ಎನ್ನುವವರಿಗೂ ಇವರನ್ನೇ ತೋರಿಸಬಹುದು. ನಮ್ಮ ಮಕ್ಕಳು ಆ ಕವಿತೆಯ ಸಾರಾಂಶ ಬಾಯಿಪಾಠ ಮಾಡುತ್ತಾರೆ. ಬರೆದವರು ಹಾವೇರಿ ಜಿಲ್ಲೆಯವರೆಂದು ಎಷ್ಟು ಮಂದಿಗೆ ಗೊತ್ತು?

ಪೋಷಕರೇ, ಇಂದು ರಾತ್ರಿ ಮಗುವಿನ ಇಂಗ್ಲಿಷ್ ನೋಟ್‌ಬುಕ್ ತೆರೆಸಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ‘ಇದರಲ್ಲಿ ನೀನೇ ಯೋಚಿಸಿ ಬರೆದದ್ದು ಯಾವುದು, ತೋರಿಸು’ ಎಂದು ಕೇಳಿ. ಪೋಷಕರ ಸಭೆಯಲ್ಲೂ ಅಂಕದ ಪಟ್ಟಿ ನೋಡುವ ಮೊದಲು ಇದನ್ನೇ ಕೇಳಿ. ಪಾಠ ಒಮ್ಮೆ ಪೂರ್ತಿ ಓದುವ ಮೊದಲು ಗೈಡು ಕೊಡಿಸಬೇಡಿ.

ಶಿಕ್ಷಕರೇ, ಸಿಲಬಸ್ ಮುಗಿಸುವ ಒತ್ತಡ, ಫಲಿತಾಂಶದ ಭಯ, ಮೇಲಿನವರ ನೋಟಿಸು ಎಲ್ಲವನ್ನೂ ಕಂಡವನು ನಾನು. ಆದರೂ ಬೇಡುತ್ತೇನೆ: ವಾರಕ್ಕೆ ಒಂದೇ ಒಂದು ಪೀರಿಯಡ್ ಮಕ್ಕಳ ಸ್ವಂತ ಬರವಣಿಗೆಗೆ ಬಿಡಿ. ಆ ದಿನ ಪುಟದ ತುಂಬ ಕೆಂಪು ಗೀಟು ಹಾಕಬೇಡಿ. ಎರಡು ತಪ್ಪು ತಿದ್ದಿ, ಒಂದು ಒಳ್ಳೆಯ ವಾಕ್ಯಕ್ಕೆ ಗುರುತು ಹಾಕಿ, ಅದನ್ನು ತರಗತಿಗೆ ಓದಿ ಹೇಳಿ. ಗ್ರಂಥಾಲಯದ ಬೀರುವಿನ ಬೀಗ ತೆಗೆಯಿರಿ; ಪುಸ್ತಕ ಹರಿದರೆ ಹರಿಯಲಿ.

ಡಿಗ್ರಿ ಓದಿದ ತಮ್ಮಂದಿರೇ, ತಂಗಿಯರೇ, ನಿಮ್ಮ ಮನೆಯ ಅಟ್ಟದಲ್ಲಿರುವ ಇಂಗ್ಲಿಷ್ ಕಥೆ ಪುಸ್ತಕಗಳನ್ನು ಶಾಲೆಗೆ ಕೊಡಿ. ಭಾನುವಾರ ಒಂದು ಗಂಟೆ ಬಂದು ಮಕ್ಕಳಿಗೆ ಒಂದು ಕಥೆ ಓದಿ. ಪ್ರಶ್ನೋತ್ತರ ಬೇಡ, ಕಥೆ ಸಾಕು.

ಬರುವ ಭಾನುವಾರ ಬೆಳಿಗ್ಗೆ 10 ಗಂಟೆಗೆ ಪ್ರೌಢಶಾಲೆಯ ಅಂಗಳದಲ್ಲಿ ಸೇರೋಣ. ಮಕ್ಕಳನ್ನು ಕರೆತನ್ನಿ. ಒಂದು ಖಾಲಿ ನೋಟ್‌ಬುಕ್, ಒಂದು ಪೆನ್ನು ಸಾಕು. ಗೈಡು ಮನೆಯಲ್ಲೇ ಇರಲಿ.