ನೆರೆ ಬಂದರೂ ತುಂಬದ ಬಾವಿ

2018 ಮತ್ತು 2019ರಲ್ಲಿ ಕಬಿನಿ ಉಕ್ಕಿ ಹರಿದಾಗ ನಂಜನಗೂಡಿನ ಬಳಿ ಮೈಸೂರು ಹೆದ್ದಾರಿಯೇ ಮುಳುಗಿ ಸಂಚಾರ ನಿಂತಿತ್ತು. 2023ರಲ್ಲಿ ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಘೋಷಿತವಾದವು. ನೆರೆಗೆ ದೋಣಿ, ಬರಕ್ಕೆ ಟ್ಯಾಂಕರ್. ನಮ್ಮ ಆಡಳಿತದ ಜಲನೀತಿ ಇಷ್ಟೇ ಏನು?

ಇಷ್ಟು ನೀರು ಹರಿದರೂ ಕೊಳವೆಬಾವಿ ತುಂಬದಿರುವುದೇಕೆಂದು ಜನ ಕೇಳುತ್ತಾರೆ. ಈ ನೆರೆ ಬಹುಮಟ್ಟಿಗೆ ಇಲ್ಲಿಯ ಮಳೆಯದಲ್ಲ, ವಯನಾಡಿನ ಬೆಟ್ಟಗಳದು. ಬೀಚನಹಳ್ಳಿಯ ಕಬಿನಿ ಜಲಾಶಯ ಹಿಡಿಯುವುದು ಸುಮಾರು 19.5 ಟಿಎಂಸಿ ಮಾತ್ರ. ತುಂಬಿದ ಮೇಲೆ ಬಂದಷ್ಟನ್ನೂ ಬಿಡಲೇಬೇಕು. ಆ ನೀರು ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡಿ ಮೆಟ್ಟೂರಿನತ್ತ ಧಾವಿಸುತ್ತದೆ. ಭೂಮಿಯಾದರೋ ನಿಧಾನವಾಗಿ ಕುಡಿಯುತ್ತದೆ. ಇಲ್ಲಿಯ ತಳ ಗಟ್ಟಿ ಬಂಡೆ; ನೀರು ನಿಲ್ಲುವುದು ಅದರ ಮೇಲಣ ಶಿಥಿಲ ಪದರದಲ್ಲಿ ಮತ್ತು ಬಂಡೆಯ ಬಿರುಕುಗಳಲ್ಲಿ. ಮೇಲಾಗಿ ಅಂತರ್ಜಲವು ಸಾಮಾನ್ಯವಾಗಿ ದಿಬ್ಬದಿಂದ ನದಿಯತ್ತ ಚಲಿಸುತ್ತದೆಯೇ ಹೊರತು ನದಿಯಿಂದ ದಿಬ್ಬಕ್ಕಲ್ಲ. ನೆರೆಯಲ್ಲಿ ದಡ ಹೀರಿದ ನೀರೂ ಬಹುಪಾಲು ನದಿಗೇ ಮರಳುತ್ತದೆ.

ಆದ್ದರಿಂದ ನದಿಯಿಂದ ದೂರದ ಊರಿನ ಬಾವಿಗೆ ಆಸರೆ ಅಲ್ಲಿಯೇ ಬಿದ್ದ ಮಳೆ ಮತ್ತು ಅದನ್ನು ತಡೆದು ನಿಲ್ಲಿಸುವ ಕೆರೆ. 1258ರಲ್ಲಿ ಸೋಮನಾಥಪುರದ ದೇಗುಲ ಎದ್ದ ಹೊಯ್ಸಳರ ಕಾಲದಲ್ಲಿ ಕೆರೆ ಕಟ್ಟಿಸುವುದೂ ಪುಣ್ಯಕಾರ್ಯವೆನಿಸಿತ್ತು. ಇಂದು ಕಾನೂನಿದೆ: 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶಗಳಲ್ಲಿ ಕೊಳವೆಬಾವಿ ಕೊರೆಯಲು ಅನುಮತಿ ಕಡ್ಡಾಯಗೊಳಿಸಿದೆ. ಅನುಮತಿಪತ್ರದಿಂದ ನೀರು ಇಂಗುವುದಿಲ್ಲವಷ್ಟೆ! ಹೂಳೆತ್ತುವ ಗುತ್ತಿಗೆಗೆ ಮುನ್ನ ಕೆರೆಗೆ ನೀರು ತರುವ ಕಾಲುವೆಗಳ ಒತ್ತುವರಿ ತೆರವಾಗಬೇಕು. ಗ್ರಾಮಸಭೆಯಲ್ಲಿ ಅದನ್ನು ಕೇಳಬೇಕಾದವರು ಟ್ಯಾಂಕರಿಗಾಗಿ ಕೊಡ ಹಿಡಿದು ನಿಲ್ಲುವವರೇ.