ಕೆಟ್ಟಾವ ಅಂವಾ, ಹೆಸ್ರು ಕೆಟ್ಟಿದ್ದು ಬೆಕ್ಕಿಂದು!

ಜೇಮ್ಸ್ ಬಾಂಡ್ ಸಿನೆಮಾದಾಗ ತೊಡಿ ಮ್ಯಾಲೆ ಬಿಳಿ ಬೆಕ್ಕು ಕೂಡಿಸ್ಕೊಂಡಾವ ಬಂದಾ ಅಂದ್ರ, 'ಇಂವನ ನೋಡು ಖಳನಾಯಕ' ಅಂತ ಸಣ್ಣ ಹುಡುಗೂರು ಸುದ್ಧಾ ಹೇಳ್ತಾವ. ಬೆಕ್ಕು ಅಂದ್ರ ಕಪಟ, ಬೆಕ್ಕು ಅಂದ್ರ ಕ್ರೂರತನ ಅಂತ ಆಗೇಬಿಟ್ಟದ. ನಾ ಕೇಳೋದು ಒಂದ, ಜಗತ್ತು ಹಾಳು ಮಾಡಾಕ ಹೊಂಟಾವ ಅಂವಾ, ಬೆಕ್ಕಿನ ತಪ್ಪೇನ್ರೀ?

ಬಾಂಡ್ ಕಥಿ ಬರದ ಇಯಾನ್ ಫ್ಲೆಮಿಂಗ್ ತಮ್ಮ ಕಾದಂಬರಿಯೊಳಗ ಬ್ಲೋಫೆಲ್ಡ್‌ಗ ಬೆಕ್ಕು ಕೊಟ್ಟೇ ಇಲ್ಲ. ಅದು ಸಿನೆಮಾದವ್ರ ಕರಾಮತ್ತು. 1963ರ 'ಫ್ರಮ್ ರಷ್ಯಾ ವಿತ್ ಲವ್' ಒಳಗ ಬ್ಲೋಫೆಲ್ಡ್‌ನ ಮಾರಿ ತೋರ್ಸೂದಿಲ್ಲ. ಮೈ ಆಂಟನಿ ಡಾಸನ್‌ದು, ದನಿ ಎರಿಕ್ ಪೋಲ್‌ಮನ್‌ದು, ಹೆಸರಿನ ಪಟ್ಟಿಯೊಳಗ ಬರೇ ಪ್ರಶ್ನಾರ್ಥಕ ಚಿಹ್ನೆ! ಮಾರಿ ತೋರಿಸಿ ಕೂತದ್ದು ಬೆಕ್ಕು ಒಂದ. ಮನಷ್ಯಾನ ಮಾರಿ ಮುಚ್ಚಿಟ್ಟು ಅವನ ಪಾಪ ಎಲ್ಲಾ ಮೂಕ ಪ್ರಾಣಿ ಮಾರಿಗೆ ಬಳದ್ರು.

ಮುಂದ 1967ರ 'ಯು ಓನ್ಲಿ ಲಿವ್ ಟ್ವೈಸ್' ನೋಡ್ರಿ. ಡೊನಾಲ್ಡ್ ಪ್ಲೆಸೆನ್ಸ್ ಬ್ಲೋಫೆಲ್ಡ್ ಆಗ್ಯಾನ. ಕಡೀಕ ಢಂ ಢಂ ಅಂತ ಸ್ಫೋಟ ಆಗೋವಾಗ ಅವನ ಕೈಯಾಗ ಬೆಕ್ಕು ಕೊಸರಾಡೋದು ಕಾಣ್ತದ. ಅದಕ್ಕ ನಟನಿ ಯಾರು ಕಲಿಸ್ಯಾರ? ಅದು ಖರೇನ ಹೆದರಿಕಿ. ನಾವು ಅದನ್ನ ನೋಡ್ಕೋತ ಚುರುಮುರಿ ತಿಂದ್ವಿ.

1971ರ 'ಡೈಮಂಡ್ಸ್ ಆರ್ ಫಾರೆವರ್' ಅಂತೂ ಕೇಳಬ್ಯಾಡ್ರಿ. ಒಂದ ನಮೂನಿ ಇಬ್ರು ಬ್ಲೋಫೆಲ್ಡ್ ನಿಂತಾರ, ಖರೇ ಯಾರು ಅಂತ ತಿಳಿಯಾಕ ಬಾಂಡ್ ಬೆಕ್ಕಿಗೆ ಒದೀತಾನ. ಬೆಕ್ಕು ಜಿಗದು ಹೋದ ಕಡೆ ಗುಂಡು ಹೊಡದ್ರ ಸತ್ತಾವ ನಕಲಿ, ಯಾಕಂದ್ರ ಬೆಕ್ಕೂ ಎರಡು! ಒದ್ದಾವ ನಾಯಕ, ಒದಿಸ್ಕೊಂಡದ್ದು ಕೆಟ್ಟದ್ದು. ಯಾವ ಊರ ನ್ಯಾಯ ಇದು? ಲೆಕ್ಕಾ ಹಾಕಿದ್ರ ಬ್ಲೋಫೆಲ್ಡ್ ತನ್ನ ಜನ್ಮದಾಗ ಮಾಡಿದ ಒಂದ ಒಳ್ಳೆ ಕೆಲಸ ಅಂದ್ರ ಬೆಕ್ಕಿನ ಬೆನ್ನು ಸವರಿದ್ದು.

'ಸಿನೆಮಾ ಅದ, ಬಿಡ ಮಾರಾಯ್ತಿ' ಅಂತೀರಿ. ಬಿಡೋದು ಹೆಂಗ? ಮೊದ್ಲ ನಮ್ಮಂದಿ ಬೆಕ್ಕು ಅಡ್ಡ ಬಂದ್ರ ಚಪ್ಪಲಿ ಬಿಟ್ಟು ನಿಂದರ್ತಾರ. ಮರಿ ಹಾಕಿದ್ರ ಚೀಲದಾಗ ತುಂಬಿ ಸಂತಿಯಾಗ ಬಿಟ್ಟು ಬರ್ತಾರ. ಅದರ ಮ್ಯಾಲೆ ಸಿನೆಮಾದವ್ರ ಈ ಶಿಕ್ಕಾ ಬ್ಯಾರೆ. ಕೆಟ್ಟ ಹೆಸ್ರು ಇದ್ದ ಪ್ರಾಣಿಗೆ ಕಲ್ಲು ಒಗಿಯಾಕ ಯಾರ ಕೈನೂ ನಡಗೂದಿಲ್ಲ, ಅದ ನನ್ನ ಸಂಕಟ.

ಜ್ವಾಳದ ಚೀಲಕ್ಕ ಇಲಿ ಬಿದ್ದಾಗ ಮಾತ್ರ ಬೆಕ್ಕು ಬೇಕು. ಬೆಕ್ಕಿಗೆ ಬೇಕಾದದ್ದು ಬೆಚ್ಚನ ಜಾಗಾ, ನಾಕು ಹನಿ ಹಾಲು. ಕೂತ ತೊಡಿ ರಾಜಂದೋ ಕಳ್ಳಂದೋ ಅದಕ್ಕೇನ ಗೊತ್ತು? ಇನ್ನ ಮ್ಯಾಲೆ ಟಿವಿಯಾಗ ಆ ಬಿಳಿ ಬೆಕ್ಕು ಬಂದ್ರ ಮಕ್ಕಳಿಗೆ ಹೇಳ್ರಿ, ಕೆಟ್ಟದ್ದು ಸವರೋ ಕೈಯಾಗ ಅದ, ಬೆಕ್ಕಿನಾಗ ಇಲ್ಲ.