ಉಳಿಯ ಬಾಯಿ, ಉಕ್ಕಿನ ಹದ

ಬಡಗಿಯ ಪೆಟ್ಟಿಗೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಲಕರಣೆ ಯಾವುದು? ಒಬ್ಬರು ಉಳಿ ಎನ್ನಬಹುದು, ಇನ್ನೊಬ್ಬರು ಗರಗಸ ಎನ್ನಬಹುದು. ಕೆಲಸ ಬಲ್ಲ ಆಚಾರಿಯವರನ್ನು ಕೇಳಿದರೆ ಅವರು ಮೂಲೆಯಲ್ಲಿರುವ ಸಾಣೆಕಲ್ಲಿನತ್ತ ಕೈ ತೋರಿಸುತ್ತಾರೆ. ಸಾಣೆ ಇಲ್ಲದಿದ್ದರೆ ಎಂಥ ಬೆಲೆಬಾಳುವ ಉಳಿಯೂ ಬರಿಯ ಕಬ್ಬಿಣದ ಪಟ್ಟಿ.

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂತಹ ಊರುಗಳಲ್ಲಿ ಹಿಂದೆ ನೇಗಿಲು, ಕುಂಟೆ, ಗಾಡಿಯ ಗಾಲಿ, ಬಾಗಿಲ ಚೌಕಟ್ಟು ಎಲ್ಲವೂ ಆಚಾರಿಗಳ ಕೈಯಿಂದಲೇ ಬರುತ್ತಿದ್ದವು. ಅವರ ಉಳಿ, ಬಾಚಿಗಳು ಕುಲುಮೆಯಲ್ಲಿ ತಯಾರಾಗುತ್ತಿದ್ದವು. ಟ್ರ್ಯಾಕ್ಟರ್, ಪ್ಲೈವುಡ್ ಮತ್ತು ವಿದ್ಯುತ್ ಯಂತ್ರಗಳು ಬಂದ ಮೇಲೆ ಈ ಕೆಲಸ ಕಡಿಮೆಯಾಯಿತು. ಈಗ ಇನ್ನೊಂದು ಬದಲಾವಣೆ ಕಾಣುತ್ತಿದೆ. ಜಪಾನಿನ ಬಡಗಿಗಳು ಕೂದಲಿಗಿಂತ ತೆಳ್ಳಗೆ ಮರದ ಸುರುಳಿ ತೆಗೆಯುವುದನ್ನು ಹುಡುಗರು ಮೊಬೈಲಿನಲ್ಲಿ ನೋಡುತ್ತಾರೆ. ಅಂಥದೇ ಉಳಿ, ಅಂಥದೇ ಗರಗಸ ಬೇಕೆನ್ನುತ್ತಾರೆ. ಬೆಲೆ ಕೇಳಿದ ತಂದೆತಾಯಿ ಹೌಹಾರುತ್ತಾರೆ. ಅಷ್ಟು ಹಣ ಕೊಟ್ಟರೆ ಸಿಗುವುದೇನು? ಅದರಲ್ಲಿ ಅಡಗಿರುವ ವಿಶೇಷವೇನು? ಇದನ್ನು ತಿಳಿಯಬೇಕಾದರೆ ಮೊದಲು ಉಕ್ಕಿನ ಕಥೆ ತಿಳಿಯಬೇಕು. ಆ ಕಥೆಯ ಒಂದು ಅಧ್ಯಾಯ ಚಿತ್ರದುರ್ಗ ಜಿಲ್ಲೆಯಲ್ಲೇ ನಡೆದಿದೆ.

ನಮ್ಮ ನೆಲದ ಉಕ್ಕು

ಇಂಗ್ಲಿಷಿನಲ್ಲಿ ‘ವೂಟ್ಜ್’ ಎಂಬ ಪದವಿದೆ. ದಕ್ಷಿಣ ಭಾರತದ ಮೂಷೆಗಳಲ್ಲಿ ತಯಾರಾಗುತ್ತಿದ್ದ ಉಕ್ಕಿಗೆ ಯುರೋಪಿನವರು ಇಟ್ಟ ಹೆಸರು ಅದು. ಕನ್ನಡದ ‘ಉಕ್ಕು’ ಪದವೇ ಹೀಗೆ ರೂಪ ಬದಲಿಸಿತು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. 1795ರಲ್ಲಿ ಜಾರ್ಜ್ ಪಿಯರ್‌ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಈ ಉಕ್ಕಿನ ಬಗ್ಗೆ ಪ್ರಬಂಧ ಮಂಡಿಸಿದ. ಕಮ್ಮಾರನ ಮಗನಾದ ಮೈಕೇಲ್ ಫ್ಯಾರಡೆ, ವಿದ್ಯುತ್ತಿನ ಸಂಶೋಧನೆಗೆ ಹೆಸರಾಗುವ ಮೊದಲು, ಚಾಕು ತಯಾರಕ ಜೇಮ್ಸ್ ಸ್ಟೊಡಾರ್ಟ್ ಜೊತೆ ಸೇರಿ 1819ರ ಸುಮಾರಿಗೆ ಇದೇ ಉಕ್ಕಿನ ಗುಟ್ಟು ಹುಡುಕಲು ಹೊರಟಿದ್ದ.

ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿ ಅಂಥ ಉಕ್ಕು ತಯಾರಾಗುತ್ತಿದ್ದ ಊರುಗಳಲ್ಲಿ ಒಂದು. ಅಲ್ಲಿ ಸಿಕ್ಕ ಮೂಷೆಯ ಚೂರುಗಳನ್ನು ಭೂವಿಜ್ಞಾನಿ ಹಾಗೂ ಕನ್ನಡದ ವಿಜ್ಞಾನ ಲೇಖಕ ಟಿ.ಆರ್. ಅನಂತರಾಮು, ಬ್ರಿಟಿಷ್ ಮ್ಯೂಸಿಯಂನ ಪಾಲ್ ಕ್ರ್ಯಾಡಕ್ ಮತ್ತು ಇತರರು ಅಧ್ಯಯನ ಮಾಡಿ 1999ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂಡ ಇಲ್ಲಿನ ಕಬ್ಬಿಣ, ಉಕ್ಕಿನ ಕುಲುಮೆಗಳ ವಿವರ ಬರೆದಿಟ್ಟಿದ್ದಾನೆ.

ವಿಧಾನ ಸರಳ, ಆದರೆ ಜಾಣತನದ್ದು. ಜೇಡಿಮಣ್ಣಿಗೆ ಭತ್ತದ ಹೊಟ್ಟು ಬೆರೆಸಿ ಮೂಷೆ ಮಾಡುತ್ತಿದ್ದರು. ಅದರೊಳಗೆ ಮೆದು ಕಬ್ಬಿಣದ ತುಂಡು ಮತ್ತು ತಂಗಡಿಯಂತಹ ಗಿಡದ ಕಡ್ಡಿ, ಎಲೆ ಇಟ್ಟು ಬಾಯಿ ಮುಚ್ಚುತ್ತಿದ್ದರು. ಇದ್ದಿಲ ಬೆಂಕಿಯಲ್ಲಿಟ್ಟು ತಿದಿ ಒತ್ತಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಕಡ್ಡಿ ಸುಟ್ಟು ಇಂಗಾಲವಾಗಿ ಕಬ್ಬಿಣದಲ್ಲಿ ಸೇರುತ್ತಿತ್ತು. ಬಯಲುಸೀಮೆಯ ಬೇಲಿಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಹೀಗೆ ಲೋಹಶಾಸ್ತ್ರದ ಇತಿಹಾಸದಲ್ಲೂ ಜಾಗ ಪಡೆದಿದೆ.

ಇಂಗಾಲ ಮಾಡುವ ಮಾಯೆ

ಶುದ್ಧ ಕಬ್ಬಿಣ ಮೆದು. ಅದಕ್ಕೆ ಹರಿತವಾದ ಅಂಚು ಕೊಟ್ಟರೂ ನಿಲ್ಲುವುದಿಲ್ಲ. ನೂರು ಗ್ರಾಂ ಕಬ್ಬಿಣಕ್ಕೆ ಸುಮಾರು ಒಂದು ಗ್ರಾಂ ಇಂಗಾಲ ಸೇರಿದರೆ ಸಾಕು, ಅದರ ಗುಣವೇ ಬೇರೆ. ಈ ಉಕ್ಕನ್ನು ಕೆಂಪಗೆ ಕಾಯಿಸಿದಾಗ ಇಂಗಾಲದ ಪರಮಾಣುಗಳು ಕಬ್ಬಿಣದ ಪರಮಾಣುಗಳ ನಡುವೆ ಹರಡಿಕೊಳ್ಳುತ್ತವೆ. ತಟ್ಟನೆ ನೀರಿನಲ್ಲಿ ಅದ್ದಿದರೆ ಅವುಗಳಿಗೆ ಹೊರಬರಲು ಸಮಯ ಸಿಗದೆ ಅಲ್ಲೇ ಸಿಕ್ಕಿಬೀಳುತ್ತವೆ. ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರಲು ಆಗ ಅವಕಾಶವಿರುವುದಿಲ್ಲ. ಉಕ್ಕು ಗಡುಸಾಗುತ್ತದೆ.

ಎಷ್ಟು ಕಾಯಿಸಬೇಕು ಎಂಬುದಕ್ಕೆ ವಿದ್ಯಾರ್ಥಿಗಳು ಬಲ್ಲ ಒಂದು ಪರೀಕ್ಷೆ ಇದೆ. ಸುಮಾರು 770 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಹಾಗೆ ಅಂಟದೆ ಹೋದರೆ ಅದ್ದುವ ಸಮಯ ಹತ್ತಿರ ಬಂತೆಂದು ಅರ್ಥ. ಆದರೆ ಅದ್ದಿದ ಉಕ್ಕು ಗಾಜಿನಂತೆ ಪೆಡಸು. ಒಂದು ಪೆಟ್ಟಿಗೆ ಚೂರಾಗಬಹುದು. ಅದಕ್ಕಾಗಿ ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ಮೆಲ್ಲಗೆ ಬಿಸಿ ಮಾಡುತ್ತಾರೆ. ಸ್ವಲ್ಪ ಗಡಸುತನ ಹೋಗಿ ಸ್ವಲ್ಪ ತಾಳಿಕೆ ಬರುತ್ತದೆ. ಕುಲುಮೆಯವರು ‘ಹದ’ ಎನ್ನುವುದು ಇದನ್ನೇ.

ಕತ್ತಿಯಿಂದ ಉಳಿಗೆ

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಅಗ್ಗದ ಉಕ್ಕು ಬಂದು ಮೈಸೂರು ಸೀಮೆಯ ಕುಲುಮೆಗಳು ಆರಿದವು. ಜಪಾನಿನಲ್ಲೂ ಹೆಚ್ಚುಕಡಿಮೆ ಅಂಥದೇ ಕಷ್ಟ ಬಂತು. 1876ರಲ್ಲಿ ಅಲ್ಲಿನ ಸರ್ಕಾರ ಸಾಮಾನ್ಯರು ಸೊಂಟದಲ್ಲಿ ಕತ್ತಿ ಧರಿಸುವುದನ್ನು ನಿಷೇಧಿಸಿತು. ತಲೆಮಾರುಗಳಿಂದ ಕತ್ತಿ ಬಡಿದು ಬದುಕಿದ್ದ ಕಮ್ಮಾರರಿಗೆ ಕೆಲಸವಿಲ್ಲದಂತಾಯಿತು. ಅವರಲ್ಲಿ ಅನೇಕರು ಬಡಗಿಗಳಿಗೆ ಉಳಿ, ಕೀಸುಳಿಯ ಅಲಗು ಮಾಡಲು ತಿರುಗಿದರು. ವಿದೇಶಿ ಉಕ್ಕನ್ನೂ ಬಳಸಿದರು. ಆದರೆ ಕಲಿತ ಹದವನ್ನು ಬಿಡಲಿಲ್ಲ. ಮಿಕಿ, ಸಾಂಜೊ ಎಂಬ ಪಟ್ಟಣಗಳು ಇಂದಿಗೂ ಕೈ ಸಲಕರಣೆಗಳಿಗೆ ಹೆಸರಾಗಿವೆ. ಇಲ್ಲಿ ಕುಲುಮೆಯ ವಿದ್ಯೆ ಅಳಿಯಿತು, ಅಲ್ಲಿ ಬೇರೆ ದಾರಿ ಹಿಡಿದು ಉಳಿಯಿತು.

ಜಪಾನಿನ ಉಳಿಯ ಓರೆಯನ್ನು ಬೆಳಕಿಗೆ ಹಿಡಿದರೆ ಎರಡು ಬಣ್ಣ ಕಾಣುತ್ತವೆ. ಮೇಲಿನ ದಪ್ಪ ಭಾಗ ಮೆದು ಕಬ್ಬಿಣ. ಕೆಳಗಿನ ತೆಳು ಪದರ ಗಡುಸು ಉಕ್ಕು. ಎರಡನ್ನೂ ಕಾಯಿಸಿ ಬಡಿದು ಬೆಸೆದಿರುತ್ತಾರೆ. ಅಂಚು ಗಡುಸಾಗಿರುತ್ತದೆ, ಮೈ ಪೆಟ್ಟು ತಾಳುತ್ತದೆ. ಮಸೆಯುವಾಗ ಹೆಚ್ಚು ಸವೆಯಬೇಕಾದ ಭಾಗ ಮೆದುವಾಗಿರುವುದರಿಂದ ಸಾಣೆಯೂ ಬೇಗ ಆಗುತ್ತದೆ. ಉಳಿಯ ಚಪ್ಪಟೆ ಬೆನ್ನಿನಲ್ಲಿ ಒಂದು ತಗ್ಗನ್ನು ಬಿಟ್ಟಿರುತ್ತಾರೆ. ಬೆನ್ನನ್ನು ಕಲ್ಲಿನ ಮೇಲಿಟ್ಟಾಗ ಸುತ್ತಲಿನ ಅಂಚು ಮಾತ್ರ ತಾಗುವುದರಿಂದ ಸಮತಟ್ಟು ಮಾಡುವ ಶ್ರಮ ಉಳಿಯುತ್ತದೆ.

ಅಂಗಡಿಗಳಲ್ಲಿ ‘ಬಿಳಿ ಕಾಗದದ ಉಕ್ಕು’, ‘ನೀಲಿ ಕಾಗದದ ಉಕ್ಕು’ ಎಂಬ ಹೆಸರು ಕೇಳಬಹುದು. ಉಕ್ಕಿನ ಬಣ್ಣಕ್ಕೂ ಇದಕ್ಕೂ ಸಂಬಂಧವಿಲ್ಲ. ಕಾರ್ಖಾನೆಯಲ್ಲಿ ಅಂಟಿಸುತ್ತಿದ್ದ ಕಾಗದದ ಬಣ್ಣವಷ್ಟೆ. ಬಿಳಿಯದರಲ್ಲಿ ಮುಖ್ಯವಾಗಿ ಕಬ್ಬಿಣ ಮತ್ತು ಇಂಗಾಲ. ಅದನ್ನು ಮಸೆಯುವುದು ಸುಲಭ. ನೀಲಿಯದರಲ್ಲಿ ಟಂಗ್‌ಸ್ಟನ್ ಮತ್ತು ಕ್ರೋಮಿಯಂ ಸೇರಿರುವುದರಿಂದ ಹರಿತ ಹೆಚ್ಚು ಹೊತ್ತು ನಿಲ್ಲುತ್ತದೆ, ಮಸೆಯಲು ಮಾತ್ರ ಸ್ವಲ್ಪ ಹೆಚ್ಚು ಶ್ರಮ. ಹೊಸದಾಗಿ ಕಲಿಯುವವರಿಗೆ ಬಿಳಿಯದೇ ಸಾಕು.

ಎಳೆಯುವ ಗರಗಸ

ಜಪಾನಿನ ಗರಗಸ ಎಳೆದಾಗ ಕೊಯ್ಯುತ್ತದೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಗರಗಸ ತಳ್ಳಿದಾಗ ಕೊಯ್ಯುತ್ತದೆ. ವ್ಯತ್ಯಾಸ ತಿಳಿಯಲು ಒಂದು ಕಾಗದದ ಪಟ್ಟಿ ಸಾಕು. ಎರಡು ತುದಿ ಹಿಡಿದು ಎಳೆದರೆ ಅದು ನೇರವಾಗಿ ನಿಲ್ಲುತ್ತದೆ, ತಳ್ಳಿದರೆ ಬಾಗುತ್ತದೆ. ತಳ್ಳುವ ಗರಗಸ ಬಾಗದಿರಲು ದಪ್ಪಗಿರಬೇಕು. ಎಳೆಯುವ ಗರಗಸ ತೆಳ್ಳಗಿದ್ದರೂ ನಡೆಯುತ್ತದೆ. ತೆಳ್ಳಗಿದ್ದರೆ ಪುಡಿಯಾಗುವ ಮರ ಕಡಿಮೆ, ತೋಳಿಗೆ ಆಯಾಸವೂ ಕಡಿಮೆ. ನೆಲದ ಮೇಲೆ ಕುಳಿತು ಕಾಲಿನಿಂದ ಮರ ಒತ್ತಿ ಹಿಡಿದು ಕೆಲಸ ಮಾಡುವವರಿಗೆ ಎಳೆಯುವುದೇ ಅನುಕೂಲ. ನಮ್ಮ ಆಚಾರಿಗಳೂ ಜಪಾನಿನವರೂ ಹಾಗೆಯೇ ಕುಳಿತು ಕೆಲಸ ಮಾಡಿದವರು. ಕೀಸುಳಿಯನ್ನೂ, ಅಂದರೆ ಉಜ್ಜುಗೊರಡನ್ನೂ, ಜಪಾನಿನವರು ತಮ್ಮ ಕಡೆಗೇ ಎಳೆಯುತ್ತಾರೆ.

ಇಲ್ಲೊಂದು ಎಚ್ಚರಿಕೆ ಇದೆ. ಈಗ ಮಾರಾಟವಾಗುವ ಅನೇಕ ಜಪಾನಿ ಗರಗಸಗಳ ಹಲ್ಲುಗಳನ್ನು ಯಂತ್ರದಿಂದ ಅತಿ ಗಡುಸು ಮಾಡಿರುತ್ತಾರೆ. ಅವಕ್ಕೆ ಅರ ಹಿಡಿಯುವುದಿಲ್ಲ. ಮೊಂಡಾದರೆ ಅಲಗನ್ನೇ ಬದಲಿಸಬೇಕು. ಕೊಳ್ಳುವ ಮೊದಲು ಬದಲಿ ಅಲಗು ಸಿಗುತ್ತದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಕೊಳ್ಳುವಾಗ ನೋಡಬೇಕಾದದ್ದು

ಉಳಿಯನ್ನು ಹೊಳಪು ನೋಡಿ ಕೊಳ್ಳಬಾರದು. ಬೆನ್ನಿನ ಮೇಲೆ ಉಕ್ಕಿನ ಅಳತೆಪಟ್ಟಿಯ ಅಂಚನ್ನಿಟ್ಟು ಬೆಳಕಿಗೆ ಹಿಡಿಯಬೇಕು. ತುದಿಯ ಬಳಿ ಬೆಳಕು ನುಸುಳಿದರೆ ಬೆನ್ನು ಸಮವಿಲ್ಲ. ಅಂಗಡಿಯವರು ಒಪ್ಪಿದರೆ ಅಲಗಿನ ಪಕ್ಕದಲ್ಲಿ, ತುದಿಗೆ ಹತ್ತಿರ, ಹೊಸ ಅರವನ್ನು ಮೆಲ್ಲಗೆ ಆಡಿಸಬೇಕು. ಹದವಾದ ಉಕ್ಕಿನ ಮೇಲೆ ಅರ ಜಾರುತ್ತದೆ, ಮೆದುವಾದುದನ್ನು ಕಚ್ಚುತ್ತದೆ. ಹಿಡಿಯ ಮರದ ಎಳೆಗಳು ಉದ್ದಕ್ಕೆ ನೇರವಾಗಿರಬೇಕು. ಕೊಡತಿಯಿಂದ ಬಡಿಯುವ ಉಳಿಯಾದರೆ ಹಿಡಿಯ ತಲೆಗೆ ಕಬ್ಬಿಣದ ಬಳೆ ಇರಬೇಕು. ಹತ್ತು ಉಳಿಗಳ ಅಗ್ಗದ ಕಟ್ಟಿಗಿಂತ 6, 12 ಮತ್ತು 25 ಮಿಲಿಮೀಟರ್ ಅಗಲದ ಮೂರು ಒಳ್ಳೆಯ ಉಳಿಗಳು ಲೇಸು.

ನಮ್ಮ ಕಡೆಯ ಮರಗಳನ್ನೂ ಗಮನಿಸಬೇಕು. ಜಪಾನಿನವರು ಹೆಚ್ಚಾಗಿ ಬಳಸುವ ದೇವದಾರು ಜಾತಿಯ ಮರಗಳು ಮೆದು. ಚಿತ್ರದುರ್ಗದ ಕಡೆ ಸಿಗುವ ಜಾಲಿ, ಹೊನ್ನೆ ಅಂಥವಲ್ಲ. ಅತಿ ಗಡುಸು ಉಕ್ಕಿನ ತೆಳು ಅಂಚು ಜಾಲಿಯ ಗಂಟಿಗೆ ತಾಗಿದರೆ ಚಕ್ಕೆ ಏಳುತ್ತದೆ. ಉಳಿಯನ್ನು ಮೀಟುಗೋಲಿನಂತೆ ಬಳಸಿದರಂತೂ ಅಂಚು ಮುರಿದೇ ಹೋಗುತ್ತದೆ. ಇಂಥ ಕೆಲಸಕ್ಕೆ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಕುಲುಮೆಯಲ್ಲಿ ಬಡಿಸಿದ ಉಳಿಯೇ ಮೇಲು. ಅದರಲ್ಲಿ ಇಂಗಾಲ ಕಡಿಮೆ, ಸುಮಾರು ಶೇಕಡಾ 0.6. ಬೇಗ ಮೊಂಡಾಗುತ್ತದೆ, ಆದರೆ ಮುರಿಯುವುದು ಅಪರೂಪ.

ಸಾಣೆ ಹಿಡಿಯುವ ಕ್ರಮ

ಮೊಂಡು ಉಳಿ ಏಕೆ ಕೊಯ್ಯುವುದಿಲ್ಲ? ಒತ್ತಡ ಎಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಬರುವುದು. 20 ಮಿ.ಮೀ. ಅಗಲದ ಉಳಿಯ ಅಂಚು 0.1 ಮಿ.ಮೀ. ದಪ್ಪವಿದ್ದರೆ ವಿಸ್ತೀರ್ಣ 2 ಚದರ ಮಿ.ಮೀ. ಅದನ್ನು 0.01 ಮಿ.ಮೀ.ಗೆ ಇಳಿಸಿದರೆ 0.2 ಚದರ ಮಿ.ಮೀ. ಅದೇ 100 ನ್ಯೂಟನ್ ಬಲಕ್ಕೆ ಒತ್ತಡ 50ರಿಂದ 500ಕ್ಕೆ, ಅಂದರೆ ಹತ್ತು ಪಟ್ಟು, ಏರುತ್ತದೆ. ಮೊಂಡು ಉಳಿಯನ್ನು ಹೆಚ್ಚು ಬಲ ಹಾಕಿ ತಳ್ಳಬೇಕಾಗುತ್ತದೆ. ಆಗ ಅದು ಜಾರಿದರೆ ಅಷ್ಟೇ ಬಲದಿಂದ ಕೈಗೆ ಬಡಿಯುತ್ತದೆ. ಮಕ್ಕಳ ಕೈಗೆ ಮೊಂಡು ಉಳಿ ಕೊಟ್ಟರೆ ಕ್ಷೇಮ ಎಂಬ ತಿಳಿವಳಿಕೆ ಆದ್ದರಿಂದ ತಪ್ಪು.

ಓರೆಯ ಕೋನ ಸಾಮಾನ್ಯ ಕೆಲಸಕ್ಕೆ 30 ಡಿಗ್ರಿ, ಗಟ್ಟಿ ಮರಕ್ಕೆ 35 ಡಿಗ್ರಿ ಇರಲಿ. ಕೋನಮಾಪಕ ಬೇಕಿಲ್ಲ. ಸೈನ್ 30 ಡಿಗ್ರಿ ಅರ್ಧವಾದ್ದರಿಂದ ಓರೆಯ ಉದ್ದ ಉಳಿಯ ದಪ್ಪದ ಎರಡರಷ್ಟಿದ್ದರೆ ಕೋನ 30 ಡಿಗ್ರಿ. 4 ಮಿ.ಮೀ. ದಪ್ಪದ ಉಳಿಗೆ 8 ಮಿ.ಮೀ. ಓರೆ. ತ್ರಿಕೋನಮಿತಿ ಯಾತಕ್ಕೆ ಬರುತ್ತದೆ ಎಂದು ಕೇಳುವ ಹತ್ತನೆಯ ತರಗತಿಯ ಹುಡುಗನಿಗೆ ಇದು ಒಳ್ಳೆಯ ಉತ್ತರ.

ಮೊದಲು ಬೆನ್ನನ್ನು ಕಲ್ಲಿನ ಮೇಲೆ ಸಮತಟ್ಟಾಗಿ ತಿಕ್ಕಬೇಕು. ಹೊಸ ಉಳಿಗೆ ಇದನ್ನು ಚೆನ್ನಾಗಿ ಒಂದು ಸಲ ಮಾಡಿದರೆ ಸಾಕು. ಆಮೇಲೆ ಓರೆಯನ್ನು 1000 ಸಂಖ್ಯೆಯ ಕಲ್ಲಿನ ಮೇಲಿಟ್ಟು, ಕೋನ ಅಲುಗದಂತೆ ಹಿಂದೆ ಮುಂದೆ ಆಡಿಸಬೇಕು. ಸ್ವಲ್ಪ ಹೊತ್ತಿಗೆ ಅಂಚಿನ ಆಚೆ ಬದಿಗೆ ನವಿರಾದ ತಂತಿಯಂತಹ ಎಳೆ ಏಳುತ್ತದೆ. ಬೆರಳನ್ನು ಬೆನ್ನಿನಿಂದ ಹೊರಕ್ಕೆ ಸವರಿದರೆ ತಿಳಿಯುತ್ತದೆ. ಅಂಚಿನ ಉದ್ದಕ್ಕೆ ಮಾತ್ರ ಎಂದೂ ಸವರಬಾರದು. ಆ ಎಳೆ ಅಂಚಿನ ಪೂರ್ತಿ ಅಗಲಕ್ಕೆ ಬರುವ ತನಕ ಮುಂದಿನ ಕಲ್ಲಿಗೆ ಹೋಗಬಾರದು. ಅನಂತರ 4000 ಅಥವಾ 8000 ಸಂಖ್ಯೆಯ ನುಣುಪು ಕಲ್ಲಿನಲ್ಲಿ ಓರೆಯನ್ನು, ಕೊನೆಗೆ ಬೆನ್ನನ್ನು ಹಗುರವಾಗಿ ತಿಕ್ಕಿದರೆ ಎಳೆ ಉದುರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಕಲ್ಲಿನ ಕಣ ಚಿಕ್ಕದು. 1000ದ ಕಲ್ಲಿನಲ್ಲಿ ಅದು ಸುಮಾರು 15 ಮೈಕ್ರಾನ್, 8000ದ ಕಲ್ಲಿನಲ್ಲಿ ಒಂದೆರಡು ಮೈಕ್ರಾನ್.

ಜಪಾನಿನ ಕಲ್ಲಿಗೆ ನೀರು ಸಾಕು, ಎಣ್ಣೆ ಹಾಕಬಾರದು. ಕಲ್ಲು ಬೇಗ ಸವೆದು ನಡುವೆ ಹಳ್ಳ ಬೀಳುವುದರಿಂದ ಆಗಾಗ ಅದನ್ನು ಸಮ ಮಾಡಬೇಕು. ಇಷ್ಟು ಕಲ್ಲು ಕೊಳ್ಳಲಾಗದವರು ದಪ್ಪ ಗಾಜಿನ ತುಂಡಿನ ಮೇಲೆ 400, 1000, 2000 ಸಂಖ್ಯೆಯ ವಾಟರ್ ಪೇಪರ್ ಅಂಟಿಸಿ ಅದೇ ಕ್ರಮ ಅನುಸರಿಸಬಹುದು. ವಿದ್ಯುತ್ ಸಾಣೆ ಯಂತ್ರವಾದರೆ ಎಚ್ಚರ ಬೇಕು. ಅಂಚು ತೆಳು ಹಳದಿಗೆ ತಿರುಗಿದರೆ ಶಾಖ 230 ಡಿಗ್ರಿ ಮುಟ್ಟಿದೆ. ನೀಲಿಯಾದರೆ 300ರ ಆಸುಪಾಸು, ಹದ ಹೋಯಿತೆಂದೇ ತಿಳಿಯಬೇಕು. ಮತ್ತೆ ಮತ್ತೆ ನೀರಿನಲ್ಲಿ ಅದ್ದುತ್ತಿರಬೇಕು.

ಖರ್ಚಿನ ಲೆಕ್ಕ

ಕೈಯಲ್ಲಿ ಮಾಡಿದ ಜಪಾನಿ ಉಳಿ ಒಂದಕ್ಕೇ ಕೆಲವು ಸಾವಿರ ರೂಪಾಯಿ ಆಗಬಹುದು. ಕಲಿಯುವ ಹುಡುಗ ಹುಡುಗಿಯರಿಗೆ ಮೊದಲ ದಿನವೇ ಅದು ಬೇಕಿಲ್ಲ. ಸಾಧಾರಣ ಉಳಿ ಒಂದು, ಎಳೆಯುವ ಗರಗಸ ಒಂದು, ಎರಡು ಮುಖದ ಒಳ್ಳೆಯ ಸಾಣೆಕಲ್ಲು ಒಂದು, ಇಷ್ಟಿದ್ದರೆ ಆರಂಭಕ್ಕೆ ಸಾಕು. ಹಣ ಹೆಚ್ಚಿಗೆ ಹಾಕುವುದಾದರೆ ಕಲ್ಲಿಗೆ ಹಾಕಬೇಕು. ಒಳ್ಳೆಯ ಕಲ್ಲಿನಲ್ಲಿ ಸಾಧಾರಣ ಉಳಿಯೂ ಹರಿತವಾಗುತ್ತದೆ. ಕಲ್ಲು ಕೆಟ್ಟದ್ದಾದರೆ ಜಪಾನಿನ ಉಳಿಯೂ ಹಾಳಾಗುತ್ತದೆ.

ಇದನ್ನೇ ಕಸುಬಾಗಿ ಮಾಡಿಕೊಂಡಿರುವ ಮನೆಗಳವರು ಒಂದು ವಿಷಯ ತಿಳಿದಿರಬೇಕು. ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಪ್ರಾರಂಭಿಸಿದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಮತ್ತು ಕಮ್ಮಾರ ಎರಡೂ ಸೇರಿವೆ. 18 ವರ್ಷ ತುಂಬಿದ, ಕುಟುಂಬಕ್ಕೆ ಒಬ್ಬರಿಗೆ ತರಬೇತಿಯ ಜೊತೆ ಸಲಕರಣೆಗಾಗಿ 15,000 ರೂಪಾಯಿವರೆಗೆ ನೆರವು ಕೊಡಲು ಅದರಲ್ಲಿ ಅವಕಾಶವಿದೆ. ಆ ಹಣದಲ್ಲಿ ಏನು ಕೊಳ್ಳಬೇಕೆಂದು ಮನೆಯವರು ಕುಳಿತು ಪಟ್ಟಿ ಮಾಡುವಾಗ, ಓದಿದ ಮಕ್ಕಳು ಮೇಲಿನ ಪರೀಕ್ಷೆಗಳನ್ನು ನೆನಪಿಸಬಹುದು.

ರಜೆಯಲ್ಲಿ ಒಂದು ಪ್ರಯೋಗ ಮಾಡಿ ನೋಡಬಹುದು. ಮನೆಯ ಹಿರಿಯರನ್ನೋ ಊರಿನ ಆಚಾರಿಯವರನ್ನೋ ಜೊತೆಗೆ ಕೂರಿಸಿಕೊಂಡು, ಮರದ ತುಂಡನ್ನು ಭದ್ರವಾಗಿ ಬಿಗಿದು, ಬೇವಿನ ಮರದಲ್ಲಿ ಒಂದೇ ಅಳತೆಯ ಎರಡು ತೂತುಗಳನ್ನು ಕೊರೆಯಬೇಕು. ಮೊದಲನೆಯದನ್ನು ಉಳಿ ಇದ್ದ ಹಾಗೆಯೇ, ಎರಡನೆಯದನ್ನು ಸಾಣೆ ಹಿಡಿದ ಮೇಲೆ. ಕೊಡತಿಯ ಪೆಟ್ಟುಗಳನ್ನು ಎಣಿಸಿ ಬರೆದಿಡಬೇಕು. ಇಪ್ಪತ್ತು ನಿಮಿಷ ಸಾಣೆಗೆ ಕಳೆದದ್ದು ಲಾಭವೋ ನಷ್ಟವೋ ಎಂಬುದನ್ನು ಆ ಎರಡು ಸಂಖ್ಯೆಗಳೇ ಹೇಳುತ್ತವೆ.